ಏಳನೇ ನಂಬರಿನ ನಾಣ್ಯ

ಬ್ರಹ್ಮಾವರದ ಅಣ್ಣಯ್ಯ ಶೆಟ್ಟರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಕೋಳಿ ಅಂಕದ ಕಡೆ ತಲೆ ಹಾಕಿದವರೂ ಅಲ್ಲ. ಇದ್ದದ್ದು ಒಂದೇ ಹುಚ್ಚು, ಬೆಳ್ಳಿ ನಾಣ್ಯ. ಅದೂ ಸಿಕ್ಕಿದ ನಾಣ್ಯವೆಲ್ಲ ಅಲ್ಲ. ರಾಜ ಮಹಾರಾಜರ ತಲೆಯಿರುವ ಹಳೇ ರೂಪಾಯಿ ತಂದು ತೋರಿಸಿದರೆ ಮೂಗು ಮುರಿಯುತ್ತಿದ್ದರು. ಎಲ್ಲೋ ಒಂದು ಸಂಗೀತ ಸಭೆಗೆ ನೂರು ತುಂಬಿತು, ಇನ್ನೆಲ್ಲೋ ಒಂದು ಮ್ಯೂಸಿಯಮ್ಮಿಗೆ ನೂರೈವತ್ತಾಯಿತು, ಒಂದು ನಾಟಕ ಶಾಲೆ, ಒಂದು ಗ್ರಂಥಾಲಯ, ಹೀಗೆ ಕಲೆ ವಿದ್ಯೆಗೆ ದುಡಿದ ಸಂಸ್ಥೆಗಳ ನೆನಪಿಗೆ ಸರಕಾರದ ಟಂಕಸಾಲೆ ಹೊರಡಿಸುತ್ತದಲ್ಲ, ಆ ನಾಣ್ಯ ಮಾತ್ರ ಅವರಿಗೆ ಬೇಕು. ಬುಕ್ ಮಾಡಿ ಎಂಟು ತಿಂಗಳಾದರೂ ಸರಿ, ಕಾಯುತ್ತಿದ್ದರು.

ಬೊಂಬಾಯಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ತೆಕ್ಕಟ್ಟೆಯ ಹೈವೇ ಬದಿಯ ಹೋಟೆಲನ್ನು ಈಗ ಮಗ ಮಿಥುನ್ ನೋಡಿಕೊಳ್ಳುತ್ತಾನೆ. ಶೆಟ್ಟರಿಗೆ ಹೊತ್ತು ಹೋಗಬೇಕಲ್ಲ. ಪೋಸ್ಟಿನಲ್ಲಿ ನಾಣ್ಯ ಬಂದ ದಿನ ಅವರ ಸಂಭ್ರಮ ಕಂಡು ಹೆಂಡತಿ ಪ್ರಭಾವತಿ ಬಿಡುತ್ತಿರಲಿಲ್ಲ. “ಮಿಥುನ್ ಹುಟ್ಟಿದಾಗ ಬೊಂಬಾಯಿಂದ ಬಪ್ಪುಕೆ ಎಂಟ್ ದಿನ ಮಾಡಿದ್ರಿ. ಈಗ ಕಾಣಿ, ಪೋಸ್ಟ್‌ಮ್ಯಾನ್ ಗೇಟ್ ತೆಗುಕ್ ಮುಂಚೆ ಓಡ್ತ್ರಿ” ಎನ್ನುವರು. ಶೆಟ್ಟರು ಕೇಳಿಸಿಕೊಳ್ಳದವರಂತೆ ಬಿಳಿ ಹತ್ತಿಯ ಕೈಗವಸು ಹಾಕಿಕೊಳ್ಳುವರು. ಆ ನಾಣ್ಯಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಬೆವರು ಬಿದ್ದರೆ ಕನ್ನಡಿಯಂಥ ಬೆಳ್ಳಿಯ ಮೇಲೆ ಗುರುತು ಉಳಿಯುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಹಿಡಿಯುವುದಾದರೆ ಅಂಚಿನಲ್ಲಿ, ಎರಡೇ ಬೆರಳಲ್ಲಿ.

ಯಕ್ಷಗಾನ ಕಲಿಸುವ ಕೊಕ್ಕರ್ಣೆಯ ಯಕ್ಷಶಾಲೆಗೆ ಐವತ್ತು ತುಂಬಿದ್ದು ಈ ವರ್ಷ. ಶೆಟ್ಟರ ಮೊಮ್ಮಗಳು ಅನಿಷಾ ಆದಿತ್ಯವಾರ ಆದಿತ್ಯವಾರ ಅಲ್ಲಿ ಕುಣಿತ ಕಲಿಯುತ್ತಾಳೆ. ಸಭೆಯಲ್ಲಿ ಒಬ್ಬರು ಸ್ಮರಣಸಂಚಿಕೆ ಮಾಡುವ ಎಂದರು, ಇನ್ನೊಬ್ಬರು ಶಾಲು ಹೊದಿಸುವ ಎಂದರು. ಶೆಟ್ಟರು ಎದ್ದು ನಿಂತು, “ಬೆಳ್ಳಿ ನಾಣ್ಯ ಮಾಡುವ. ದೊಡ್ಡ ದೊಡ್ಡ ಸಂಸ್ಥೆಗೆ ಸರ್ಕಾರ ಮಾಡತ್ತ್, ನಮ್ ಶಾಲಿಗೆ ನಾವೇ ಮಾಡ್ಕಂಬ” ಎಂದರು. ಎಲ್ಲರಿಗೂ ಹಿಡಿಸಿತು. ಕುಂದಾಪುರದ ಬೆಳ್ಳಿ ಅಂಗಡಿಗೆ ಅವರೇ ಹತ್ತು ಸಲ ಓಡಾಡಿ ಐವತ್ತು ನಾಣ್ಯ ಮಾಡಿಸಿದರು. ಒಂದು ಬದಿಯಲ್ಲಿ ಶಾಲೆಯ ಹೆಸರು, ಕೆಳಗೆ ನಂಬರು. ಇನ್ನೊಂದು ಬದಿಯಲ್ಲಿ ಒಂದು ಕಿರೀಟ. ಆ ಕಿರೀಟ ಎಲ್ಲಿಯದು ಅಂದರೆ, ಶಾಲೆಯ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಕೋಣೆಯಲ್ಲಿ, ಸೂರ ತನ್ನ ಕೈಯಾರೆ ಮಾಡಿಟ್ಟದ್ದು. ಅದರದ್ದೇ ಫೋಟೊ ತೆಗೆದು ಅಚ್ಚು ಮಾಡಿಸಿದ್ದರು.

ಸೂರನ ವಿಷಯ ಹೇಳಬೇಕು. ಶೆಟ್ಟರದೂ ಸೂರನದೂ ಒಂದೇ ವಾರಿಗೆ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಸೂರನ ಅಪ್ಪ ಶೆಟ್ಟರ ಮೂಲಮನೆಯ ಆಳು. ಅಂಗಳದ ಕೆಳಗೆ ನಿಲ್ಲಬೇಕಾದವರ ಪೈಕಿ. ಸೂರ ಮಾತ್ರ ಇಪ್ಪತ್ತರ ಹರೆಯದಲ್ಲಿ ವೇಷದ ಪೆಟ್ಟಿಗೆ ಹೊರಲು ಯಕ್ಷಶಾಲೆಗೆ ಸೇರಿದವನು, ಹೊರುತ್ತ ಹೊರುತ್ತ ವೇಷ ಕಟ್ಟುವುದು ಕಲಿತ, ಆಭರಣ ಮಾಡುವುದು ಕಲಿತ. ಈಗ ಅವನಿಲ್ಲದೆ ಚೌಕಿಯಲ್ಲಿ ಒಂದು ದಾರ ಬಿಗಿಯುವುದಿಲ್ಲ. ಮಕ್ಕಳಿಗೆ ಅವನು ಸೂರಜ್ಜ, ದೊಡ್ಡವರಿಗೆ ಸೂರಣ್ಣ. ಶೆಟ್ಟರಿಗೆ ಬರೀ ಸೂರ.

ಸನ್ಮಾನದ ಪಟ್ಟಿಯಲ್ಲಿ ಸೂರನ ಹೆಸರು ಇರಲೇಬೇಕು ಎಂದು ಶಾಲೆಯ ಗುರುಗಳಾದ ದೇವು ಭಾಗವತರು ಹೇಳಿದಾಗ ಶೆಟ್ಟರು ಒಂದು ಕ್ಷಣವೂ ತಡ ಮಾಡದೆ ಒಪ್ಪಿದರು. ಒಪ್ಪಿದ್ದಕ್ಕೆ ತಮ್ಮ ಬೆನ್ನು ತಾವೇ ತಟ್ಟಿಕೊಂಡರು ಕೂಡ. ಕಲೆಗೆ ಮೇಲು ಕೀಳು ಇಲ್ಲ ಎಂಬ ಒಂದು ವಾಕ್ಯವನ್ನು ಸ್ವಾಗತ ಭಾಷಣಕ್ಕೆ ಸೇರಿಸಿಕೊಂಡರು. ಎಂಥ ಸೊಗಸಿನ ವಾಕ್ಯ!

ಆದಿತ್ಯವಾರ ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ. ಸಭಾಂಗಣ ಕಿಕ್ಕಿರಿದಿತ್ತು. ಅತಿಥಿಗಳು ಒಂದೊಂದೇ ಡಬ್ಬಿ ಕೊಡುತ್ತ ಹೋದರು. ಶೆಟ್ಟರು ಮೈಕು ಹಿಡಿದು ನಂಬರು, ಹೆಸರು ಕೂಗಿದರು. ಆರು ನಂಬರು ಮುಗಿದವು. “ಏಳನೇ ನಂಬರು, ನಮ್ಮ ಚೌಕಿಯ ಸೂರ” ಎಂದರು. ಚಪ್ಪಾಳೆ ಬಿತ್ತು ನೋಡಿ, ಆವರೆಗೆ ಯಾರಿಗೂ ಅಷ್ಟು ಬಿದ್ದಿರಲಿಲ್ಲ.

ಸೂರ ಬಿಳಿ ಅಂಗಿ ಹಾಕಿಕೊಂಡು ಬಂದ. ಡಬ್ಬಿ ತೆಗೆದುಕೊಂಡ. ಮುಚ್ಚಳ ಬಿಚ್ಚಿ ನೋಡಿದ. ಅವನ ಕಣ್ಣಿಗೆ ಬಿದ್ದದ್ದು ಅವನದೇ ಕಿರೀಟ. ಯಾವ ಆಭರಣವಾಗಲಿ ಹೆಬ್ಬೆರಳಿನಲ್ಲಿ ಸವರಿ ನೋಡದೆ ಅವನಿಗೆ ತೃಪ್ತಿಯಿಲ್ಲ. ಗೆರೆ ಸರಿ ಬಂತೋ ಇಲ್ಲವೋ ಎಂದು ಬೆರಳು ಚಾಚಿದ.

“ಹ್ವಾಯ್ ಸೂರ! ಮುಟ್ಬೇಡ! ಮುಟ್ಬೇಡ ಮಾರಾಯ!”

ಮೈಕು ಶೆಟ್ಟರ ಬಾಯಿಯ ಹತ್ತಿರವೇ ಇತ್ತು. ಹೊರಗಿನ ಮರಕ್ಕೆ ಕಟ್ಟಿದ ಸ್ಪೀಕರಿನಲ್ಲೂ ಆ ಮಾತು ಹೋಯಿತು. ಸೂರನ ಕೈ ಚಟ್ಟನೆ ಹಿಂದೆ ಬಂತು. ಕೈ ಅಷ್ಟೇ ಅಲ್ಲ, ಅವನು ಬೆನ್ನು ತುಸು ಬಗ್ಗಿಸಿ ಎರಡು ಹೆಜ್ಜೆ ಹಿಂದಕ್ಕೆ ಹೋದ. ಯಾರೂ ಹೇಳಿರಲಿಲ್ಲ ಹಿಂದೆ ಹೋಗೆಂದು. 

ಆಗಲಾದರೂ ಶೆಟ್ಟರು ಬಾಯಿ ಮುಚ್ಚಬೇಕಿತ್ತು. ಇಲ್ಲ! ಹಲ್ಲು ಕಿರಿಯುತ್ತ, “ಬೇರೆ ಎಂತ ಅಲ್ಲ, ಕೈ ಬೆವರ್ ತಾಗಿರೆ ಬೆಳ್ಳಿ ಕಪ್ಪಾತ್ತ್” ಎಂದು ಶುರು ಮಾಡಿ, ಬೆಳ್ಳಿ ಹೇಗೆ ಕೆಡುತ್ತದೆ, ನಾಣ್ಯ ಹೇಗೆ ಹಿಡಿಯಬೇಕು ಎಂದು ಐದು ನಿಮಿಷ ಪಾಠ ಹೇಳಿದರು. ಪಾಠ ಮುಗಿಯುವಷ್ಟರಲ್ಲಿ ಸೂರ ಡಬ್ಬಿಯನ್ನು ಮೇಜಿನ ತುದಿಯಲ್ಲಿಟ್ಟು ಚೌಕಿಗೆ ಹೋಗಿಯಾಗಿತ್ತು. ಮಧ್ಯಾಹ್ನ ಮಕ್ಕಳ ಯಕ್ಷಗಾನವಿತ್ತು, ವೇಷ ಕಟ್ಟುವ ಕೆಲಸ ರಾಶಿ ಬಿದ್ದಿತ್ತು. ಅವನು ಊಟಕ್ಕೂ ಬರಲಿಲ್ಲ.

ಸಂಜೆ ಮನೆಗೆ ಬರುವಾಗ ಕಾರಿನಲ್ಲಿ ಅನಿಷಾ ಕೇಳಿದಳು. “ಅಜ್ಜಯ್ಯ, ಸೂರಜ್ಜಂಗೆ ಎಂತಕೆ ಬೈದ್ರಿ?”

“ಬೈಲಿಲ್ಲ ಮಗಾ. ನಾಣ್ಯ ಹಾಳಾತ್ತಂದೇಳಿ ಹೇಳದ್ದ್.”

ಹುಡುಗಿ ಗೆಜ್ಜೆ ಕಟ್ಟಿದ್ದ ಕಾಲನ್ನು ಸವರಿಕೊಂಡಳು. ಆಮೇಲೆ ಹೇಳಿದಳು. “ಇವತ್ತ್ ನಂಗೆ ಗೆಜ್ಜಿ ಕಟ್ಟುಕ್ ಮುಂಚೆ ‘ನಾ ಮುಟ್ಲಕ್ಕಾ ಹೆಣ್ಣೇ’ ಅಂದ್ ಕೇಂಡ್ರ್. ಯಾವತ್ತೂ ಹಾಂಗ್ ಕೇಂತಿರ್ಲಿಲ್ಲ.”

ಶೆಟ್ಟರು ರಸ್ತೆಯನ್ನೇ ನೋಡುತ್ತ ಗೇರು ಬದಲಿಸಿದರು. ಮುಂದಿನ ಸೀಟಿನಲ್ಲಿದ್ದ ಪ್ರಭಾವತಿ ಹಿಂದೆ ತಿರುಗಿ ಮೊಮ್ಮಗಳನ್ನು ನೋಡಿದರು. 

ಮೇಜಿನ ಮೇಲೆ ಉಳಿದ ಏಳನೇ ನಂಬರಿನ ನಾಣ್ಯ ಶೆಟ್ಟರ ಜೇಬಿನಲ್ಲಿತ್ತು. ಜೋಪಾನವಾಗಿರಲಿ ಎಂದು ತಂದಿದ್ದರು. ಮನೆಗೆ ಬಂದು ಕೈಗವಸು ಹಾಕಿ, ದೀಪದ ಕೆಳಗೆ ಹಿಡಿದು ನೋಡಿದರು. ಒಂದು ಬೆರಳ ಗುರುತಿಲ್ಲ. ಉಳಿದ ನಾಣ್ಯಗಳನ್ನು ಜನ ಕೈಯಿಂದ ಕೈಗೆ ದಾಟಿಸಿ ಹಾಳು ಮಾಡಿದ್ದರು, ಇದೊಂದೇ ಅಚ್ಚಿನಿಂದ ಬಂದ ಹಾಗೇ ಇತ್ತು. ಇಡೀ ಐವತ್ತರಲ್ಲಿ ಇದೇ ಚೊಕ್ಕದ್ದು ಎಂದು ಅವರ ಮನಸ್ಸು ಹೇಳಿತು, ಹೇಳಿ ಖುಷಿಯನ್ನೂ ಪಟ್ಟಿತು. ಕಪಾಟಿನ ಮಖಮಲ್ಲಿನ ತಟ್ಟೆಯಲ್ಲಿ, ಆ ಸಂಗೀತ ಸಭೆ, ಈ ಮ್ಯೂಸಿಯಮ್ಮುಗಳ ಸಾಲಿನಲ್ಲಿ ಅದನ್ನು ಇಟ್ಟುಬಿಟ್ಟರು. ನಾಳೆ ಕೊಟ್ಟರಾಯಿತು ಎಂದುಕೊಂಡರು. ಆ ಖುಷಿಯನ್ನು ನೆನೆದರೆ ಈಗಲೂ ಅವರ ಕಿವಿ ಬಿಸಿಯಾಗುತ್ತದೆ.

ಮರುದಿನ ಯಕ್ಷಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಳೇ ವಿದ್ಯಾರ್ಥಿ ಬರೆದ. ಸೂರಣ್ಣನಿಗೆ ಆದದ್ದು ಸರಿಯಲ್ಲ ಎಂದು ಒಂದೇ ಸಾಲು. ಅದರ ಕೆಳಗೆ ಇಪ್ಪತ್ತು ಜನ ಹೌದು ಹೌದು ಎಂದರು. ಶೆಟ್ಟರಿಗೆ ಮೈಯೆಲ್ಲ ಉರಿಯಿತು. ನಾಣ್ಯದ ವಿಷಯ ಗೊತ್ತಿಲ್ಲದವರು ಏನೇನೋ ಕಲ್ಪಿಸಿಕೊಂಡರೆ ತಾನೇನು ಮಾಡುವುದು? “ನಾ ನಾಣ್ಯಕ್ಕೆ ಹೇಳದ್ದ್” ಎಂದು ಹೆಂಡತಿಯ ಹತ್ತಿರ ಬೆಳಿಗ್ಗೆಯಿಂದ ನಾಲ್ಕನೇ ಸಲ ಹೇಳಿದರು.

ಪ್ರಭಾವತಿ ಸೌತೆಕಾಯಿ ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟರು. “ಇದ್ ನಂಗೆ ಹೇಳ್ತಾ ಇದ್ರ್ಯಾ, ನಿಮ್ಗೇ ಹೇಳ್ಕಂತಾ ಇದ್ರ್ಯಾ?”

“ಎಲ್ಲರಿಗೂ ಅದನ್ನೇ ಹೇಳ್ತಿದ್ದೆ. ಯಾರ್ ಮುಟ್ಟಿರೂ ಹೇಳ್ತಿದ್ದೆ.”

“ಹೇಳಿದ್ರ್ಯಾ?”

“ಹೇಳ್ದೆ ಕಾಣ್.”

“ಹಾಂಗಾರೆ ಮೊಬೈಲಗೆ ನಿನ್ನಿ ಕಾರ್ಯಕ್ರಮದ್ ವಿಡಿಯೋ ಇತ್ತಲೆ, ತೆಗ್ದ್ ಕಾಣಿ” ಎಂದು ಅವರು ಮತ್ತೆ ಸೌತೆಕಾಯಿ ಹಿಡಿದರು.

ಅದೇ ಸರಿ ಎನಿಸಿತು ಶೆಟ್ಟರಿಗೆ. ಉಳಿದವರಿಗೂ ಮುಟ್ಟಬೇಡಿ ಎಂದ ಜಾಗವನ್ನು ಹುಡುಕಿ, ಅಷ್ಟನ್ನೇ ತುಂಡು ಮಾಡಿ ಗುಂಪಿಗೆ ಹಾಕಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಚಾವಡಿಯಲ್ಲಿ ಕುಳಿತು, ಕನ್ನಡಕ ಒರೆಸಿ, ಮೊಬೈಲು ಹಿಡಿದರು.

ಒಂದನೇ ನಂಬರು ಶಾಲೆಗೇ. ಎರಡನೆಯದು ಪುಣೆಯ ಹೋಟೆಲು ಮಾಲಕ, ಶೆಟ್ಟರ ಸ್ನೇಹಿತ, ರಾಜೇಂದ್ರ ಹೆಗ್ಡೆಯವರದ್ದು. ವಿಡಿಯೋದಲ್ಲಿ ರಾಜೇಂದ್ರ ಡಬ್ಬಿ ಬಿಚ್ಚಿದರು, ನಾಣ್ಯ ಹೊರಗೆ ತೆಗೆದರು, ಅಸಲಿಯೋ ನಕಲಿಯೋ ಎಂದು ತಮಾಷೆಗೆ ಹಲ್ಲಿನಲ್ಲಿ ಕಚ್ಚಿದರು. ಸಭೆ ನಕ್ಕಿತು. ಮೈಕು ಹಿಡಿದವರು ಎಲ್ಲರಿಗಿಂತ ಜೋರಾಗಿ ನಕ್ಕರು. “ಕಚ್ಚಿ ಕಚ್ಚಿ, ನಿಮ್ದೇ ಅಲ್ದಾ!” ಎನ್ನುವ ತಮ್ಮದೇ ದನಿ ಶೆಟ್ಟರಿಗೆ ಕೇಳಿಸಿತು.

ಮೂರನೆಯವರು ಹೆಬ್ಬೆಟ್ಟಿನಿಂದ ಉಜ್ಜಿ ನೋಡಿದರು. ಶೆಟ್ಟರು ಸುಮ್ಮನಿದ್ದರು. ನಾಲ್ಕನೆಯವರು ನಾಣ್ಯ ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಶೆಟ್ಟರು ಫೋಟೊ ತೆಗೆಯುವವನಿಗೆ ಹತ್ತಿರ ಬಾ ಎಂದು ಕೈ ಮಾಡಿದರು. ಐದನೆಯವರು, ಡಾಕ್ಟರ್ ಪ್ರಣೀತಾ, ನಾಣ್ಯವನ್ನು ಕೆನ್ನೆಗೆ ಒತ್ತಿಕೊಂಡು ನಿಂತರು. “ಭಾರೀ ಲಾಯ್ಕ್” ಎಂದಿತು ಮೈಕು. ಆರನೆಯವರೂ ಮುಟ್ಟಿದರು. ಪ್ರತಿಯೊಬ್ಬರ ಹೆಸರಿನ ಮುಂದೆ ಶ್ರೀ ಇತ್ತು, ಶ್ರೀಮತಿ ಇತ್ತು, ಹಿಂದೆ ‘ಅವರು’ ಇತ್ತು.

ಏಳು. “ನಮ್ಮ ಚೌಕಿಯ ಸೂರ.”

ಶೆಟ್ಟರು ನಿಲ್ಲಿಸಿದರು. ಹಿಂದಕ್ಕೆ ಎಳೆದು ಮತ್ತೆ ನೋಡಿದರು. ಎಲ್ಲಾದರೂ ಒಂದು ಸಲ, ಒಬ್ಬರಿಗೆ, ಮೆಲ್ಲನೆಯಾದರೂ ಹೇಳಿದ್ದೇನೋ ಎಂದು ಹುಡುಕಿದರು. ಸಿಗಲಿಲ್ಲ. ಏಳನೇ ಸಲ ನೋಡುವಾಗ ಅವರಿಗೆ ಕಂಡದ್ದು ತಮ್ಮ ಮುಖ. ಸೂರನ ಬೆರಳು ಮುಂದೆ ಬಂದಾಗ ಆ ಮುಖದಲ್ಲಿ ಮೂಡಿದ್ದು ನಾಣ್ಯದ ಚಿಂತೆಯಲ್ಲ. ಅದು ಯಾವ ಮುಖ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಗಳಕ್ಕೆ ಯಾರಾದರೂ ಒಂದು ಹೆಜ್ಜೆ ಹೆಚ್ಚು ಇಟ್ಟರೆ ಅವರ ಅಜ್ಜಯ್ಯ ಮಾಡುತ್ತಿದ್ದ ಮುಖ.

ನೆಲ ಬಾಯಿಬಿಟ್ಟರೆ ಇಳಿದುಬಿಡುವ ಎನಿಸಿತು. ಮೊಬೈಲನ್ನು ಮಗುಚಿ ಹಾಕಿ ಕೂತರು. ಊಟಕ್ಕೆ ಕರೆದರೆ ಬೇಡ ಎಂದರು. ಪ್ರಭಾವತಿ ಬಂದು ನೋಡಿ, ಹೆಗಲ ಮೇಲೆ ಒಂದು ಸಲ ಕೈಯಿಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಸುಖವಿತ್ತು.

ಬುಧವಾರ ಬೆಳಿಗ್ಗೆ ಶೆಟ್ಟರು ಕಾರು ತೆಗೆಯಲಿಲ್ಲ. ನಾಣ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಕೊಕ್ಕರ್ಣೆ ಬಸ್ಸು ಹತ್ತಿದರು. ಸೂರನ ಮನೆಗೆ ಅವರು ಹೋಗುತ್ತಿರುವುದು ಅದೇ ಮೊದಲು. ದಾರಿಯಲ್ಲಿ ಇಬ್ಬರನ್ನು ಕೇಳಬೇಕಾಯಿತು. ಸೂರನ ಮನೆ ಎಂದಾಗ ಅವರು ತಿದ್ದಿದರು. “ಸೂರಣ್ಣನ ಮನಿಯಾ? ಹೀಂಗೆ ಹೋಯ್ನಿ.”

ಚಿಕ್ಕ ತಾರಸಿ ಮನೆ. ಎದುರಿಗೆ ಸ್ಕೂಟಿ. ಜಗಲಿಯಲ್ಲಿ ಸೂರ ಚಾಪೆ ಹಾಸಿ, ಮರದ ಭುಜಕೀರ್ತಿಗೆ ಹೊಳೆಯುವ ಬೇಗಡೆ ಕಾಗದ ಅಂಟಿಸುತ್ತ ಕುಳಿತಿದ್ದ. ಶೆಟ್ಟರನ್ನು ಕಂಡು ಎದ್ದ. “ಬನ್ನಿ ಶೆಟ್ರೇ, ಬನ್ನಿ. ಕೂಕಣಿ” ಎಂದು ಕುರ್ಚಿ ಎಳೆದ. ಒಳಗಿನಿಂದ ಮಗಳು ವಿಜೇತಾ ಬಂದಳು. ಬ್ರಹ್ಮಾವರದಲ್ಲಿ ನರ್ಸ್ ಕೆಲಸ ಅವಳಿಗೆ, ಹೊರಡುವ ತಯಾರಿಯಲ್ಲಿದ್ದಳು. ಶೆಟ್ಟರನ್ನು ನೋಡಿ ಬಾಗಿಲಿಗೆ ಒರಗಿ ನಿಂತಳು. ನಮಸ್ಕಾರ ಮಾಡಲಿಲ್ಲ.

ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಶೆಟ್ಟರಿಗೆ ಮರೆತುಹೋಯಿತು. “ತಪ್ಪಾಯ್ತ್” ಎಂದರು. “ನಂದ್ ದೊಡ್ಡ ತಪ್ಪಾಯ್ತ್ ಸೂರ.” ಸೂರಣ್ಣ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರು. ನಾಲಿಗೆ ತಿರುಗಲಿಲ್ಲ.

ಸೂರ ಬೇಗಡೆಯ ಅಂಚನ್ನು ಒತ್ತುತ್ತ ಹೇಳಿದ. “ನೀವ್ ಹೇಳದ್ದ್ ನಂಗೆ ದೊಡ್ಡದಲ್ಲ ಶೆಟ್ರೇ. ಅದ್ ಸಣ್ಣದಿಪ್ಪತ್ತಿಗೇ ಕೇಂಡಿದ್ದೆ. ನನ್ ಕೈ ಹಿಂದೆ ಬಂತಲೆ, ಅದ್ ನಂಗೆ ತಡುಕಾತಿಲ್ಲೆ. ಐವತ್ತ್ ವರ್ಷ ಎಷ್ಟ್ ಮಕ್ಳಿಗೆ ಗೆಜ್ಜಿ ಕಟ್ಟಿದ್ದೆ, ಎಷ್ಟ್ ಜನರ ತಲಿಗೆ ಕಿರೀಟ ಇಟ್ಟಿದ್ದೆ. ಆ ಹೆದ್ರಿಕೆ ಸತ್ತ್ ಹೋಯ್ತ್ ಅಂದೇಳಿ ಎಣ್ಸಿದ್ದೆ. ನೀವ್ ಒಂದ್ ಸಲ ಕೂಗಿದ್ರಿ, ಕಾಲ್ ತನ್ನಷ್ಟಕ್ಕೇ ಹಿಂದೆ ಹೋಯ್ತ್. ನನ್ ಮಗಳ್ ಕಾಂತಾ ಇದ್ದಿತ್ತ್.”

ವಿಜೇತಾ ಮುಖ ಬೇರೆ ಕಡೆ ತಿರುಗಿಸಿದಳು.

 ಶೆಟ್ಟರ ಕೈಗೆ ಏನೋ ಒಂದು ಕೆಲಸ ಬೇಕಿತ್ತು. ಜೇಬಿನಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನಾಣ್ಯವನ್ನು ಹೊರಗೆ ತೆಗೆದರು. “ಇದ್ ನಿಂದ್. ಕೈಯಗೆ ಹಿಡ್ಕೋ. ಎಷ್ಟ್ ಬೇಕಾರೂ ಮುಟ್ಟ್” ಎಂದರು. ಸೂರ ಕೈ ಒರೆಸಿಕೊಂಡು ಅಂಗೈ ಚಾಚಿದ. ಶೆಟ್ಟರು ಎರಡು ಬೆರಳಲ್ಲಿ ಅಂಚು ಹಿಡಿದು, ಅಂಗೈಯ ಮೇಲೆ ತಂದು, ನಾಣ್ಯವನ್ನು ಬಿಟ್ಟರು. ಅದು ಸೂರನ ಅಂಗೈಗೆ ಬಿತ್ತು.

ಸೂರ ಅಂಗೈಯನ್ನು ನೋಡಿದ. ಆಮೇಲೆ ಶೆಟ್ಟರನ್ನು ನೋಡಿದ. ಅವನ ಬಾಯಿಯ ಒಂದು ಬದಿಯಲ್ಲಿ ನಗೆಯಂಥದ್ದು ಬಂತು.

“ಈಗ್ಳೂ ಮೇಲಿಂದ್ಲೇ ಬಿಟ್ರಲೆ ಶೆಟ್ರೇ. ನಿಮ್ ಅಜ್ಜಿ ನಮ್ ಅಪ್ಪಯ್ಯಂಗೆ ನೀರ್ ಬಿಡುದ್ ಹೀಂಗೇ.”

“ಅಲ್ಲ, ನಾಣ್ಯ ಹಿಡಿಯುದೇ ಹಾಂಗೆ, ಅಂಚಲ್ಲಿ…” ಎಂದು ಶೆಟ್ಟರು ಶುರು ಮಾಡಿದರು. ತಮ್ಮ ದನಿ ತಮಗೇ ಕೇಳಿಸಿತು. ಮೊನ್ನೆ ಮೈಕಿನಲ್ಲಿ ಕೇಳಿದ ದನಿ, ಅದೇ ಸಬೂಬು. ಅರ್ಧಕ್ಕೆ ನಿಲ್ಲಿಸಿ ತಲೆ ತಗ್ಗಿಸಿದರು. ಜಗಲಿಯ ಸಿಮೆಂಟಿನ ಮೇಲೆ ಅವರ ಕಣ್ಣಿನಿಂದ ಎರಡು ಹನಿ ಬಿದ್ದವು. ಛೇ, ಅಳುವುದಕ್ಕೂ ಅವರಿಗೆ ನಾಚಿಕೆಯಾಯಿತು. ಅಳಬೇಕಾದವರು ತಾವಲ್ಲವಲ್ಲ.

ಸೂರ ನಾಣ್ಯವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಡಬ್ಬಿಯನ್ನು ಶೆಟ್ಟರ ಪಕ್ಕದ ಬೆಂಚಿನ ಮೇಲಿಟ್ಟ.

“ಇದ್ ನಂಗೆ ಬೇಕ್. ಅದ್ರಗಿಪ್ಪುದ್ ನನ್ ಕಿರೀಟ. ಆರೆ ಹೀಂಗ್ ಬೇಡ. ಅಷ್ಟ್ ಜನದ್ ಎದ್ರಿಗೆ ಬೇಡ ಅಂದ್ರಿ, ಯಾರೂ ಇಲ್ದಿಪ್ಪತ್ತಿಗೆ ತಂದ್ ಕೊಟ್ರೆ ಹ್ಯಾಂಗೆ? ಬಪ್ಪ ಆದಿತ್ಯವಾರ ಕ್ಲಾಸಿಗೆ ಮಕ್ಳೆಲ್ಲ ಬತ್ತೊ. ಅಲ್ಲಿಗ್ ತಕಂಬನ್ನಿ. ಕೊಡುಕಾತ್ತಂದ್ರೆ ಕೊಡಿ.”

“ಕೊಡುಕಾತಿಲ್ದಿರೆ ಬಪ್ಪುದ್ ಬೇಡ” ಎಂದಳು ವಿಜೇತಾ. ಅವಳು ಆಡಿದ್ದು ಅದೊಂದೇ ಮಾತು. ಹೆಲ್ಮೆಟ್ ಹಾಕಿಕೊಂಡು ಸ್ಕೂಟಿ ಹೊರಡಿಸಿದಳು.

ಆ ನಾಲ್ಕು ದಿನ ಶೆಟ್ಟರು ಪಟ್ಟ ಪಾಡು ಬೇಡ. ಜ್ವರ ಬಂದಿದೆ ಎನ್ನುವ ಎಂದು ಒಂದು ಸಲ ಯೋಚಿಸಿದರು. ಬೊಂಬಾಯಿಗೆ ಹೋಗಿಬಿಡುವ ಎಂದು ಇನ್ನೊಂದು ಸಲ. ರಾಜೇಂದ್ರ ಫೋನು ಮಾಡಿ, “ಎಂತಕೆ ಅದನ್ನ ದೊಡ್ಡ ಮಾಡ್ತ್ರಿ ಮಾರಾಯ್ರೆ, ನಾಲ್ಕ್ ದಿನ ಆರೆ ಎಲ್ರಿಗೂ ಮರೆತ್ತ್” ಎಂದರು. ಮರೆಯುತ್ತದೆ ಎಂದು ಶೆಟ್ಟರಿಗೂ ಗೊತ್ತಿತ್ತು. ಅದಕ್ಕೇ ಅವರಿಗೆ ಹೆದರಿಕೆಯಾದದ್ದು. ಶನಿವಾರ ತಾವೇ ದೇವು ಭಾಗವತರಿಗೆ ಫೋನು ಮಾಡಿ, ತರಗತಿ ಶುರುವಾಗುವ ಮೊದಲು ತಮಗೆ ಐದು ನಿಮಿಷ ಕೊಡಿ ಎಂದು ಕೇಳಿಕೊಂಡರು.

ಆದಿತ್ಯವಾರ ಮೈಕಿರಲಿಲ್ಲ. ನಲವತ್ತು ಮಕ್ಕಳು ಸಾಲಾಗಿ ನಿಂತಿದ್ದರು, ಗೋಡೆಯ ಬದಿಗೆ ತಂದೆತಾಯಿಗಳು. ಪ್ರಭಾವತಿಯೂ ಬಂದಿದ್ದರು. ಹಿಂದೆ, ಬಾಗಿಲ ಹತ್ತಿರ, ವಿಜೇತಾ.  ಬರೆದುಕೊಂಡು ಬಂದ ಕಾಗದವನ್ನು ಶೆಟ್ಟರು ಜೇಬಿನಿಂದ ತೆಗೆಯಲೇ ಇಲ್ಲ.

“ಹ್ವಾದ್ ವಾರ ನಾನ್ ಇಲ್ಲಿ ಒಬ್ರಿಗೆ ಮುಟ್ಬೇಡ ಅಂದೆ” ಎಂದರು. “ಬೆಳ್ಳಿ ಕಪ್ಪಾತ್ತ್ ಅಂದೆ. ಅದ್ ಸುಳ್ಳ್. ಅವರ್ಕಿಂತ ಮುಂಚೆ ಐದ್ ಜನ ಮುಟ್ಟಿದ್ರ್, ಒಬ್ರ್ ಕಚ್ಚಿದ್ರ್, ನಾ ನೆಗಾಡ್ದೆ. ನಾ ಹೇಳದ್ದ್ ನಾಣ್ಯಕ್ಕಲ್ಲ. ಅವ್ರ್ ಯಾರ್ ಅಂದೇಳಿ ಕಂಡ್ ಹೇಳದ್ದ್.”

ಒಂದು ಮಗು ಪಕ್ಕದ ಮಗುವನ್ನು ಏನೋ ಕೇಳಿತು. ಅನಿಷಾ ಅಜ್ಜನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ಎರಡು ಕಣ್ಣುಗಳ ಎದುರು ನಿಲ್ಲುವುದರಷ್ಟು ಕಷ್ಟದ ಕೆಲಸವನ್ನು ಶೆಟ್ಟರು ಜೀವಮಾನದಲ್ಲಿ ಮಾಡಿರಲಿಲ್ಲ.

“ಸೂರಣ್ಣ, ಬನ್ನಿ.”

ಮಾತು ಹೊರಗೆ ಬಂತು, ಒಡೆದುಕೊಂಡು ಬಂತು. ಸೂರ ಚೌಕಿಯಿಂದ ನಿಧಾನವಾಗಿ ನಡೆದು ಬಂದು ಎದುರಿಗೆ ನಿಂತ, ಬೆನ್ನು ನೆಟ್ಟಗೆ. ಶೆಟ್ಟರು ನಾಣ್ಯವನ್ನು ತಮ್ಮ ಅಂಗೈಯಲ್ಲಿ ಪೂರ್ತಿ ಮುಚ್ಚಿ ಹಿಡಿದು, ಸೂರನ ಅಂಗೈಗೆ ತಮ್ಮ ಅಂಗೈಯನ್ನು ಒತ್ತಿ, ಇನ್ನೊಂದು ಕೈಯನ್ನೂ ಮೇಲಿಟ್ಟರು. ಇಬ್ಬರೂ ಒಂದೇ ಊರಿನ ನೀರು ಕುಡಿದು ಬೆಳೆದವರು, ವಯಸ್ಸು ಅರವತ್ತೊಂಬತ್ತಾಯಿತು. ಈ ಕೈ ಬಿಸಿಯೋ ತಂಪೋ, ಮೆತ್ತಗೋ ಒರಟೋ ಎಂದು ಶೆಟ್ಟರಿಗೆ ಈವರೆಗೆ ಗೊತ್ತಿರಲಿಲ್ಲ. ಬೆಚ್ಚಗಿತ್ತು. ಅಷ್ಟು ಸಣ್ಣ ವಿಷಯ ತಿಳಿಯಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅವರಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ತಲೆ ಎತ್ತಲಾಗದೆ ಹಾಗೇ ನಿಂತರು.

 ಸೂರ ಮೆಲ್ಲನೆ ಹೇಳಿದ.

“ಕೈ ಬಿಡಿ ಶೆಟ್ರೇ, ಕ್ಲಾಸಿಗೆ ಹೊತ್ತಾಯ್ತ್.”